ಎರಡು ಸಮುದ್ರಗಳು

ಗದಗಿನಿಂದ ಮುಳಗುಂದದ ಹಾದಿ ಹಿಡಿದು ಹೊರಟವರಿಗೆ ಊರು ಮುಗಿಯುತ್ತಿರುವಂತೆಯೇ ಮಲ್ಲಸಮುದ್ರವೆಂಬ ಗ್ರಾಮವು ಎದುರಾಗುತ್ತದೆ. ಜಿಲ್ಲೆಯ ಸರ್ಕಾರಿ ವೈದ್ಯಕೀಯ ವಿದ್ಯಾಸಂಸ್ಥೆಯು ಅಲ್ಲಿ ನೆಲೆಗೊಂಡ ಮೇಲೆ ಹೊರಗಿನವರಿಗೂ ಆ ಹೆಸರಿನ ಪರಿಚಯವಾಗಿದೆ. ಹೆಸರನ್ನು ಮಾತ್ರವೇ ಕೇಳಿ ಬಂದ ಪರಸ್ಥಳದವನೊಬ್ಬನು ಸಮುದ್ರವೆಲ್ಲಿ ಎಂದು ವಿಚಾರಿಸಿದರೆ ಅವನಿಗೆ ತೋರಿಸಲು ಎರೆಯ ಹೊಲಗಳೂ, ಜೋಳ ಹತ್ತಿಗಳ ಪೈರೂ, ದೂರದಲ್ಲಿ ಕಪ್ಪತಗುಡ್ಡದ ಸಾಲೂ ಇವೆಯಲ್ಲದೆ ಕಡಲಿಲ್ಲ. ಕಡಲು ಅಲ್ಲಿಂದ ಪಶ್ಚಿಮಕ್ಕೆ ಸುಮಾರು ನೂರು ಮೈಲಿಗಳಾಚೆ ಇದೆ. ನಮ್ಮ ಹಿರಿಯರು ದೊಡ್ಡ ಕೆರೆಗೆ ಸಮುದ್ರವೆಂದೂ ಸಾಗರವೆಂದೂ ಹೆಸರಿಡುತ್ತಿದ್ದರು. ವರ್ಷಕ್ಕೆ ಇಪ್ಪತ್ತನಾಲ್ಕು ಅಂಗುಲದ ಸುಮಾರಿಗೆ ಮಳೆ ಬೀಳುವ ಸೀಮೆಯಲ್ಲಿ ನೀರು ನಿಂತ ತಾಣವು ಸಮುದ್ರವಾಗಿ ಕಂಡಿದ್ದರೆ ಅದನ್ನು ಅತಿಶಯೋಕ್ತಿ ಎನ್ನಲು ನಮಗೆ ಮನಸ್ಸು ಬಾರದು.

ಕನ್ನಡ ನಾಡಿನಲ್ಲಿ ಇನ್ನೊಂದು ಸಮುದ್ರವಿದೆ. ಅದೂ ಕಡಲಲ್ಲ. ಕಾವೇರಿಯು ಎರಡು ಕವಲುಗಳಾಗಿ ಒಡೆದು, ನಡುವೆ ಒಂದು ದ್ವೀಪವನ್ನು ಬಳಸಿಕೊಂಡು, ಗಗನಚುಕ್ಕಿ ಭರಚುಕ್ಕಿಗಳೆಂಬ ಜಲಪಾತಗಳಾಗಿ ಬೀಳುವ ಶಿವನಸಮುದ್ರವೇ ಅದು. ಈ ಎರಡು ಸಮುದ್ರಗಳಲ್ಲಿ ಒಂದು ವಿದ್ಯುಚ್ಛಕ್ತಿಯನ್ನು ಹುಟ್ಟಿಸಿತು. ಇನ್ನೊಂದು ದೂರದಲ್ಲಿ ಹುಟ್ಟಿದ ಶಕ್ತಿಯನ್ನು ತಂತಿಯ ಮೂಲಕ ತರಿಸಿಕೊಂಡು ದೀಪ ಹೊತ್ತಿಸುತ್ತಿದೆ. ಇವೆರಡು ಬಗೆಯ ಊರುಗಳ ನಡುವೆ ನಿಂತು, ನೀರನ್ನು ಅಳೆದು, ಯಂತ್ರವನ್ನು ನಿಲ್ಲಿಸಿ, ಬೆಲೆಯನ್ನು ಕಟ್ಟಿ, ಲೆಕ್ಕವನ್ನು ಬರೆದಿಡುವ ಒಂದು ಸರ್ಕಾರಿ ಕಚೇರಿ ಇದೆ. ಜಲಪಾತದ ಸೊಬಗನ್ನು ವರ್ಣಿಸಿದವರು ಬಹಳ ಮಂದಿ. ಕಚೇರಿಯನ್ನು ಕುರಿತು ಮಾತನಾಡುವವರು ಕಡಮೆಯಾದುದರಿಂದ ನಾವು ಈ ಹೊತ್ತು ಅದನ್ನೇ ಎತ್ತಿಕೊಂಡಿದ್ದೇವೆ.

ಮೊದಲು ನೀರಿನಿಂದ ಶಕ್ತಿ ಹುಟ್ಟುವ ಬಗೆ. ಇದರಲ್ಲಿ ಗಹನವಾದುದೇನೂ ಇಲ್ಲ. ನೀರಿನ ಮೊತ್ತ, ಅದು ಬೀಳುವ ಎತ್ತರ, ಇವೆರಡರ ಗುಣಾಕಾರವೇ ಶಕ್ತಿ. ಮಲ್ಲಸಮುದ್ರದಂತಹ ಬಯಲುಸೀಮೆಯ ಊರಿನಲ್ಲಿ ಹತ್ತು ಲಕ್ಷ ಘನಮೀಟರು ನೀರು ಹಿಡಿಯುವ ಒಂದು ಕೆರೆಯನ್ನು ಮನಸ್ಸಿನಲ್ಲಿಯೇ ಕಟ್ಟೋಣ. ಅದರ ತೂಬಿನಿಂದ ನೀರು ಮೂರು ಮೀಟರು ಕೆಳಗೆ ಬೀಳುತ್ತದೆಯೆನ್ನೋಣ. ಯಂತ್ರದಲ್ಲಿ ಆಗುವ ನಷ್ಟವನ್ನು ಎಣಿಸದೆಯೇ ಇಡೀ ಕೆರೆಯನ್ನು ಬರಿದುಮಾಡಿದರೂ ದೊರೆಯುವುದು ಸುಮಾರು ೮ ಸಾವಿರ ಯೂನಿಟ್ಟು ವಿದ್ಯುತ್ತು. ತಿಂಗಳಿಗೆ ನೂರು ಯೂನಿಟ್ಟು ಬಳಸುವ ಎಂಬತ್ತು ಮನೆಗಳಿಗೆ ಅದು ಒಂದು ತಿಂಗಳು ಸಾಕಾದೀತು. ಆ ಮೇಲೆ ಕೆರೆಯಲ್ಲಿ ದನಕ್ಕೆ ಕುಡಿಯಲೂ ನೀರಿರದು. ಅದೇ ನೀರನ್ನು ಜೋಗದ ನೆತ್ತಿಗೆ ಒಯ್ದು ೨೫೩ ಮೀಟರು ಕೆಳಕ್ಕೆ ಬಿಟ್ಟರೆ ೬ ಲಕ್ಷ ೯೦ ಸಾವಿರ ಯೂನಿಟ್ಟುಗಳಾಗುತ್ತವೆ. ಆದುದರಿಂದಲೇ ಗದಗು, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಬಯಲಿನಲ್ಲಿ ಜಲವಿದ್ಯುತ್ತಿನ ದೊಡ್ಡ ಮಾತನ್ನು ಯಾರೂ ಆಡಲಿಲ್ಲ. ಘಟ್ಟದ ಅಂಚಿನ ಊರುಗಳು ಆ ಭಾಗ್ಯವನ್ನೂ ಅದರ ಜೊತೆಗೆ ಬಂದ ಸಂಕಟವನ್ನೂ ತಾವೇ ಹೊತ್ತುವು.

ನಿಜವಾದ ಸಮುದ್ರದಿಂದ ಶಕ್ತಿ ಪಡೆಯಬಾರದೇ ಎಂದು ಕೇಳುವವರೂ ಉಂಟು. ಭರತ ಇಳಿತಗಳಿಂದಲೂ ಅಲೆಗಳಿಂದಲೂ ವಿದ್ಯುತ್ತನ್ನು ತೆಗೆಯಬಹುದೆಂಬುದು ಸಿದ್ಧವಾದ ಸಂಗತಿ. ಫ್ರಾನ್ಸ್ ದೇಶದ ರಾನ್ಸ್ ನದಿಯ ಮುಖದಲ್ಲಿ ೧೯೬೬ರಿಂದ ೨೪೦ ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವು ಭರತದ ನೀರಿನಿಂದ ನಡೆಯಿತು. ಕೇರಳದ ವಿಳಿಂಜಮ್ಮಿನಲ್ಲಿ ೧೯೯೧ರಲ್ಲಿ ಮದರಾಸಿನ ಐ.ಐ.ಟಿ.ಯ ವಿದ್ವಾಂಸರು ಅಲೆಗಳಿಂದ ೧೫೦ ಕಿಲೋವಾಟ್ ಪಡೆಯುವ ಯಂತ್ರವನ್ನು ಪ್ರಯೋಗಾರ್ಥವಾಗಿ ನಿಲ್ಲಿಸಿದರು. ಅಮೆರಿಕಾದ ಕೇಂದ್ರ ಸರ್ಕಾರವು ನದಿಯ ಶಕ್ತಿಯನ್ನೂ ಕಡಲ ಶಕ್ತಿಯನ್ನೂ ಒಂದೇ ಕಚೇರಿಯ ವಶಕ್ಕೆ ಕೊಟ್ಟು ಸಂಶೋಧನೆಗೆ ಹಣ ಒದಗಿಸಿದುದೂ ಉಂಟು. ಭಾರತ ಸರ್ಕಾರವು ೨೦೧೯ರಲ್ಲಿ ಕಡಲ ಶಕ್ತಿಯನ್ನು ನವೀಕರಿಸಬಹುದಾದ ಶಕ್ತಿಯೆಂದು ಅಂಗೀಕರಿಸಿತು. ಆದರೆ ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿಯಲ್ಲಿ ನೀರು ಏರಿ ಇಳಿಯುವುದು ಒಂದೆರಡು ಮೀಟರು ಮಾತ್ರ. ಗುಜರಾತಿನ ಖಂಬಾತದ ಕೊಲ್ಲಿಯಲ್ಲಿ ಅದು ಅನೇಕ ಪಟ್ಟು ಹೆಚ್ಚು. ನಮ್ಮ ಕಡಲು ಈ ವಿಷಯದಲ್ಲಿ ಶಾಂತಸ್ವಭಾವದ್ದು. ಬೆಸ್ತರಿಗೆ ಇದು ಅನುಕೂಲ, ಇಂಜಿನಿಯರಿಗೆ ಅಲ್ಲ. ಆದುದರಿಂದ ಕಡಲನ್ನು ಇಲ್ಲಿಗೇ ಬಿಟ್ಟು ನದಿಗೆ ಹಿಂದಿರುಗೋಣ.

ಕನ್ನಡ ಸೀಮೆಯಲ್ಲಿ ಜಲಪಾತವನ್ನು ದುಡಿಸಿದ ಮೊದಲ ಕೀರ್ತಿ ಶಿವನಸಮುದ್ರದ್ದಲ್ಲ. ಘಟಪ್ರಭೆಯ ನೀರಿನ ಬಲದಿಂದ ಗೋಕಾಕದ ಹತ್ತಿಯ ಗಿರಣಿಯು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ನಡೆಯುತ್ತಿತ್ತು. ವಿದ್ಯುದ್ದೀಪದ ಮಾತಿಗೆ ಬಂದರೆ ಡಾರ್ಜಿಲಿಂಗಿನಲ್ಲಿ ೧೮೯೭ರಲ್ಲಿಯೇ ಒಂದು ಸಣ್ಣ ಜಲವಿದ್ಯುದಾಗಾರವು ಆರಂಭವಾಗಿತ್ತು. ಆದರೆ ಗೋಕಾಕದ ಶಕ್ತಿ ಗೋಕಾಕದ ಗಿರಣಿಗೇ, ಡಾರ್ಜಿಲಿಂಗಿನದು ಆ ಬೆಟ್ಟದ ಊರಿಗೇ. ಜಲಪಾತ ಒಂದು ಕಡೆ, ಬಳಕೆ ತೊಂಬತ್ತೆರಡು ಮೈಲಿ ದೂರದಲ್ಲಿ, ನಡುವೆ ತಂತಿ: ಇದು ಮೈಸೂರು ಸಂಸ್ಥಾನದ ಸಾಹಸ.

ಕೋಲಾರದ ಚಿನ್ನದ ಗಣಿಗಳು ಆಗ ಆಳಕ್ಕೆ ಇಳಿಯುತ್ತಿದ್ದುವು. ನೀರನ್ನು ಮೇಲೆತ್ತಲು, ಅದಿರನ್ನು ಅರೆಯಲು ಉಗಿಯಂತ್ರಗಳು ಬೇಕು. ಉಗಿಗೆ ಇದ್ದಲು, ಸೌದೆ ಬೇಕು. ಅವುಗಳ ಬೆಲೆ ಗಣಿಯ ಲಾಭವನ್ನು ತಿನ್ನುತ್ತಿತ್ತು. ಕಾವೇರಿಯ ಜಲಪಾತವನ್ನು ತಮಗೆ ಕೊಟ್ಟರೆ ತಾವೇ ಶಕ್ತಿಯನ್ನು ಉತ್ಪಾದಿಸುವೆವೆಂದು ಖಾಸಗಿ ಉದ್ಯಮಿಗಳು ಮುಂದೆ ಬಂದರು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರು ಇಲ್ಲಿ ಮಾಡಿದ ನಿಶ್ಚಯವೇ ನಮ್ಮ ಕಥೆಯ ತಿರುಳು. ಜಲಪಾತವನ್ನು ಅವರು ಗುತ್ತಿಗೆಗೆ ಕೊಡಲಿಲ್ಲ. ಸಂಸ್ಥಾನವೇ ಬಂಡವಾಳ ಹೂಡಿ, ಸಂಸ್ಥಾನವೇ ಯಂತ್ರ ತರಿಸಿ, ಸಂಸ್ಥಾನವೇ ಶಕ್ತಿಯನ್ನು ಮಾರುವುದೆಂದು ಗೊತ್ತುಮಾಡಿದರು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ರಾಜ್ಯಭಾರ ನಡೆಸುತ್ತಿದ್ದ ಕಾಲ ಅದು. ಡೆಪ್ಯುಟಿ ಚೀಫ್ ಇಂಜಿನಿಯರಾಗಿದ್ದ ಕ್ಯಾಪ್ಟನ್ ಜೋಲಿ ಡಿ ಲಾಟ್ಬಿನಿಯರ್ ಅವರು ಯುರೋಪಿಗೂ ಅಮೆರಿಕಕ್ಕೂ ಹೋಗಿ ಅಲ್ಲಿನ ವಿದ್ಯುದಾಗಾರಗಳನ್ನು ಕಂಡು ಬಂದರು. ವಿದ್ಯುತ್ತಿನ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ, ನೀರಿನ ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯಿಂದಲೂ ಬಂದುವು. ಗಣಿಗಳ ಆಡಳಿತ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯವರೊಡನೆ ಮೊದಲೇ ಕರಾರು ಆಯಿತು. ಕೊಳ್ಳುವವನ ಮಾತು ಗಟ್ಟಿಯಾದ ಮೇಲೆಯೇ ಕೊಳವೆ ಹಾಕಿದರೆಂಬುದನ್ನು ಗಮನಿಸಬೇಕು. ಕಟ್ಟಿದ ಮೇಲೆ ಗಿರಾಕಿಯನ್ನು ಹುಡುಕುವ ಪದ್ಧತಿ ನಮ್ಮಲ್ಲಿ ಬಂದುದು ಆ ಮೇಲಿನ ಕಾಲದಲ್ಲಿ.

೧೯೦೨ನೆಯ ಜೂನ್ ೩೦ರಂದು ಶಿವನಸಮುದ್ರದ ಶಕ್ತಿಯು ಕೋಲಾರದ ಗಣಿಯನ್ನು ಮುಟ್ಟಿತು. ಅಷ್ಟು ದೂರಕ್ಕೆ ಅಷ್ಟು ವೋಲ್ಟಿನಲ್ಲಿ ವಿದ್ಯುತ್ತನ್ನು ಒಯ್ದುದು ಆಗ ಲೋಕದಲ್ಲಿಯೇ ವಿರಳವಾದ ಕಾರ್ಯ. ಶೇಷಾದ್ರಿ ಅಯ್ಯರವರು ಅದನ್ನು ಕಾಣಲಿಲ್ಲ. ೧೯೦೧ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡಿದ್ದರು.

ಮೊದಲು ಬೆಳಕಾದುದು ಗಣಿಯಲ್ಲಿ. ತಂತಿಯು ಎಷ್ಟೋ ಹಳ್ಳಿಗಳ ತಲೆಯ ಮೇಲೆ ಹಾದುಹೋಯಿತು. ಕೆಳಗೆ ಹರಳೆಣ್ಣೆಯ ದೀಪವೇ ಉರಿಯಿತು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದುದು ೧೯೦೫ರ ಆಗಸ್ಟಿನಲ್ಲಿ, ಮೈಸೂರಿಗೆ ೧೯೦೮ರಲ್ಲಿ. ಇದಕ್ಕಾಗಿ ಆ ಕಾಲದವರನ್ನು ನಾವು ದೂರುವುದಿಲ್ಲ. ಚಿನ್ನದ ಗಣಿಯ ಹಣವಿಲ್ಲದೆ ಆ ವಿದ್ಯುದಾಗಾರವು ಏಳುತ್ತಿರಲಿಲ್ಲ. ವಿದ್ಯುದಾಗಾರವಿಲ್ಲದೆ ಬೆಂಗಳೂರಿನ ಬೀದಿಗೆ ಅಷ್ಟು ಬೇಗ ಬೆಳಕು ಬರುತ್ತಿರಲಿಲ್ಲ. ೧೯೩೫ರಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ನುಡಿಸಿದಾಗ ಆ ನಗರಕ್ಕೆ ಬರುತ್ತಿದ್ದುದೂ ಕಾವೇರಿಯ ವಿದ್ಯುತ್ತೇ. ಕೋಲಾರದ ಗಣಿ ೨೦೦೧ರಲ್ಲಿ ಮುಚ್ಚಿತು. ಅದಕ್ಕಾಗಿ ಕಟ್ಟಿದ ವಿದ್ಯುದಾಗಾರವು ಮುಚ್ಚಲಿಲ್ಲ.

ಯಂತ್ರ ಬಂದ ಮೇಲೆ ಕಚೇರಿಯ ನಿಜವಾದ ಕೆಲಸ ಮೊದಲಾಯಿತು. ನದಿಯು ಆಷಾಢದಲ್ಲಿ ಇದ್ದಂತೆ ಚೈತ್ರದಲ್ಲಿ ಇರುವುದಿಲ್ಲ. ಗಣಿಗೆ ಕರಾರಿನ ಪ್ರಕಾರ ವರ್ಷವೆಲ್ಲ ಒಂದೇ ಸಮನಾಗಿ ಶಕ್ತಿ ಕೊಡಬೇಕು; ಬೇಸಗೆಯಲ್ಲಿ ಕಾವೇರಿ ಸೊರಗಿ, ಯಂತ್ರಕ್ಕೆ ನೀರು ಸಾಲದಾಯಿತು. ೧೯೧೧ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟಿನ ಕೆಲಸ ಮೊದಲಾದುದಕ್ಕೆ ಮಂಡ್ಯದ ಸೀಮೆಯ ಗದ್ದೆಗಳು ಒಂದು ಕಾರಣ. ಶಿವನಸಮುದ್ರದ ಬೇಸಗೆಯ ಬಾಯಾರಿಕೆ ಇನ್ನೊಂದು ಕಾರಣ. ಜನರು ಮೊದಲನೆಯದನ್ನು ಮಾತ್ರ ನೆನೆಯುತ್ತಾರೆ. ವಿದ್ಯುತ್ತನ್ನು ಹುಟ್ಟಿಸಿದ ನೀರು ಖರ್ಚಾಗುವುದಿಲ್ಲ, ಚಕ್ರವನ್ನು ತಿರುಗಿಸಿ ಮತ್ತೆ ನದಿಗೇ ಸೇರುತ್ತದೆ ಎಂಬುದು ನಿಜವಾದರೂ, ಅದನ್ನು ತಡೆದು ನಿಲ್ಲಿಸಿ ಬೇಕಾದಾಗ ಬಿಡುವೆವೆಂದೊಡನೆಯೇ ಕೆಳಗಿನ ರೈತನಿಗೆ ಕೇಳುವ ಹಕ್ಕು ಹುಟ್ಟುತ್ತದೆ. ಮದರಾಸು ಸರ್ಕಾರವು ಕೇಳಿತು. ೧೮೯೨ರ ಒಪ್ಪಂದವೂ ೧೯೨೪ರ ಒಪ್ಪಂದವೂ ಆ ಮಾತುಕತೆಯ ಫಲ. ನದಿಯ ಮಟ್ಟವನ್ನು ದಿನದಿನವೂ ಅಳೆದು ಪುಸ್ತಕದಲ್ಲಿ ಬರೆದಿಡುವ ಗುಮಾಸ್ತನು ಇಲ್ಲದಿದ್ದರೆ ಇಂತಹ ಮಾತುಕತೆಯಲ್ಲಿ ದಿವಾನರ ವಾಕ್ಚಾತುರ್ಯವು ಏನೂ ಮಾಡಲಾರದು. ಆ ಗುಮಾಸ್ತನ ಹೆಸರು ಯಾವ ಶಿಲಾಫಲಕದಲ್ಲಿಯೂ ಇಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಆ ಮೇಲೆ ಶಿಂಷಾ ಬಂದಿತು, ೧೯೪೮ರಲ್ಲಿ ಜೋಗ. ಜೋಗದ ವಿದ್ಯುದಾಗಾರಕ್ಕೆ ಮಹಾತ್ಮಾ ಗಾಂಧಿಯವರ ಹೆಸರನ್ನಿಟ್ಟರು. ಅದರ ಸಾಮರ್ಥ್ಯವು ಕ್ರಮವಾಗಿ ೧೨೦ ಮೆಗಾವಾಟ್ ಆಯಿತು.

ಇಷ್ಟು ಹೊತ್ತು ಮಲ್ಲಸಮುದ್ರವು ಎಲ್ಲಿತ್ತು? ಮೈಸೂರಿನ ಕಚೇರಿಯ ನಕ್ಷೆಯಿಂದ ಹೊರಗೆ. ಗದಗು ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ ಜಿಲ್ಲೆಯಲ್ಲಿತ್ತು. ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮೀರಜಿನವರದು. ಒಂದು ದಿನದ ಎತ್ತಿನ ಗಾಡಿಯ ಪ್ರಯಾಣದಲ್ಲಿ ಮೂರು ಸರ್ಕಾರಗಳನ್ನು ಕಾಣಬಹುದಾಗಿತ್ತು. ಒಂದೇ ಭಾಷೆಯಾಡುವ ಜನರಲ್ಲಿ ಯಾರ ಮನೆಗೆ ಯಾವಾಗ ದೀಪ ಬರುವುದೆಂಬುದನ್ನು ಜಲಪಾತದ ದೂರವು ನಿರ್ಣಯಿಸಲಿಲ್ಲ, ಗಡಿಕಲ್ಲು ನಿರ್ಣಯಿಸಿತು. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾಯಿತು. ಮರು ವರ್ಷವೇ ವಿದ್ಯುಚ್ಛಕ್ತಿ ಮಂಡಲಿ ಸ್ಥಾಪಿತವಾಗಿ, ಹಳೆಯ ಇಲಾಖೆಯ ಹೊಣೆ ಅದಕ್ಕೆ ಸೇರಿತು. ಏಕೀಕರಣವೆಂದರೆ ಮೆರವಣಿಗೆ, ಹಾರ, ಭಾಷಣಗಳ ಜೊತೆಗೆ ಕಂಬಗಳ ಸಾಲೂ ಆಗಿತ್ತು. ೧೯೭೦ರಲ್ಲಿ ಉತ್ಪಾದನೆಯ ಕೆಲಸಕ್ಕೆಂದೇ ಪ್ರತ್ಯೇಕ ನಿಗಮವೊಂದು ಹುಟ್ಟಿತು. ಅದೇ ಈಗಿನ ಕರ್ನಾಟಕ ವಿದ್ಯುತ್ ನಿಗಮ. ಮನೆಮನೆಗೆ ಹಂಚುವ ಕೆಲಸವು ಗದಗಿನ ಕಡೆ ೨೦೦೨ರಿಂದ ಹುಬ್ಬಳ್ಳಿಯ ಕಂಪನಿಯ ಪಾಲಿಗೆ ಬಂದಿದೆ. ಸಣ್ಣ ಜಲವಿದ್ಯುತ್ತು, ಗಾಳಿ, ಬಿಸಿಲುಗಳ ಯೋಜನೆಗಳಿಗೆ ನೆರವಾಗಲು ೧೯೯೬ರಲ್ಲಿ ಇನ್ನೊಂದು ಸರ್ಕಾರಿ ಸಂಸ್ಥೆ ಏರ್ಪಟ್ಟಿತು. ಒಂದು ಕಚೇರಿಯು ನಾಲ್ಕಾಯಿತು. ನಾಲ್ಕರಲ್ಲಿ ಯಾರನ್ನು ಏನು ಕೇಳಬೇಕೆಂಬುದು ನಮಗೇ ಕೆಲವು ವೇಳೆ ಗೊಂದಲವಾಗುತ್ತದೆಯಾದುದರಿಂದ ಹಳ್ಳಿಯ ರೈತನಿಗೆ ಆಗುವ ಗೊಂದಲವನ್ನು ಊಹಿಸಬಲ್ಲೆವು.

ಹೀಗೆ ಗದಗಿನ ಕಡೆಗೆ ಹರಿದುಬಂದ ಜಲವಿದ್ಯುತ್ತಿನ ದೊಡ್ಡ ಭಂಡಾರವೆಂದರೆ ಶರಾವತಿ. ಅದನ್ನು ಕುರಿತು ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ. ಜೋಗದ ಮೊದಲ ವಿದ್ಯುದಾಗಾರಕ್ಕಾಗಿ ಮೈಸೂರು ಸಂಸ್ಥಾನದವರು ಹಿರೇಭಾಸ್ಕರದಲ್ಲಿ ಒಂದು ಅಣೆಕಟ್ಟನ್ನು ಕಟ್ಟಿದ್ದರು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಅದರ ಹಿನ್ನೀರು ಹಿರೇಭಾಸ್ಕರದ ಅಣೆಕಟ್ಟನ್ನೇ ನುಂಗಿತು. ಸರ್ಕಾರದ ಒಂದು ತಲೆಮಾರಿನ ಕೆಲಸವು ಇನ್ನೊಂದು ತಲೆಮಾರಿನ ಕೆಲಸದ ಕೆಳಗೆ ಮುಳುಗಿತು. ಬೇಸಗೆಯಲ್ಲಿ ನೀರು ಇಳಿದಾಗ ಆ ಹಳೆಯ ಕಟ್ಟಡವು ಕೆಸರಿನಿಂದ ತಲೆಯೆತ್ತಿ ನಿಲ್ಲುವುದನ್ನು ಕಾಣಬಹುದು. ಲಿಂಗನಮಕ್ಕಿಯಲ್ಲಿ ೧೫೧ ಟಿ.ಎಂ.ಸಿ. ನೀರು ನಿಲ್ಲುತ್ತದೆ. ಅದರಿಂದ ನಡೆಯುವ ಶರಾವತಿ ವಿದ್ಯುದಾಗಾರವನ್ನು ೧೯೬೫ರ ಜನವರಿಯಲ್ಲಿ ಪ್ರಧಾನಮಂತ್ರಿ ಲಾಲ್ ಬಹಾದುರ್ ಶಾಸ್ತ್ರಿಯವರು ರಾಷ್ಟ್ರಕ್ಕೆ ಸಮರ್ಪಿಸಿದರು. ಹತ್ತು ಯಂತ್ರಗಳೂ ಕೂಡಿದ ಮೇಲೆ ಅದರ ಸಾಮರ್ಥ್ಯ ೧೦೩೫ ಮೆಗಾವಾಟ್. ಬಹುಕಾಲ ನಮ್ಮ ರಾಜ್ಯದ ವಿದ್ಯುತ್ತೆಂದರೆ ಶರಾವತಿಯೇ ಎಂಬಂತಿತ್ತು.

ಮುಳುಗಿದುದು ಅಣೆಕಟ್ಟು ಮಾತ್ರವಲ್ಲ. ಅಡಕೆಯ ತೋಟಗಳು, ಬತ್ತದ ಗದ್ದೆಗಳು, ದೇವಸ್ಥಾನಗಳು, ಊರುಗಳು ಮುಳುಗಿದುವು. ಎದ್ದು ಹೋದವರು ಹೋದರು. ಸಾಗರ ತಾಲ್ಲೂಕಿನ ಕರೂರು ಹೋಬಳಿಯ ಕಡೆ, ತುಮರಿಯ ಸುತ್ತಿನಲ್ಲಿ, ಉಳಿದವರಿಗೆ ಮೂರು ಕಡೆ ನೀರು, ಒಂದು ಕಡೆ ಕಾಡು. ತಾಲ್ಲೂಕು ಕಚೇರಿಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗಬೇಕಾದರೆ ಲಾಂಚನ್ನು ಹತ್ತಿ ಹಿನ್ನೀರನ್ನು ದಾಟಬೇಕಾಗಿತ್ತು. ಸಂಜೆಯ ಕೊನೆಯ ಲಾಂಚು ಹೊಳೆಬಾಗಿಲಿನ ದಡವನ್ನು ಬಿಟ್ಟಿತೆಂದರೆ ಬೆಳಗಿನವರೆಗೆ ಇನ್ನೊಂದು ಲಾಂಚಿರಲಿಲ್ಲ. ಹೆರಿಗೆಯ ನೋವು ಗಡಿಯಾರ ನೋಡಿಕೊಂಡು ಬರುವುದಿಲ್ಲ. ಬೇಸಗೆಯಲ್ಲಿ ನೀರು ಬಹಳ ಇಳಿದರೆ ಲಾಂಚಿಗೂ ತೊಡಕಾಗುತ್ತಿತ್ತು. ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಸೇತುವೆ ತೆರೆದುದು ೨೦೨೫ರ ಜುಲೈ ೧೪ರಂದು. ಅಣೆಕಟ್ಟು ಮುಗಿದ ೧೯೬೪ಕ್ಕೂ ಇದಕ್ಕೂ ನಡುವೆ ಅರುವತ್ತೊಂದು ವರ್ಷಗಳು. ತೊಂಬತ್ತೆರಡು ಮೈಲಿ ತಂತಿಯನ್ನು ೧೯೦೨ರಲ್ಲಿ ಎಳೆದ ನಾಡಿಗೆ ಒಂದೂವರೆ ಮೈಲಿಯ ಸೇತುವೆಯು ಅರುವತ್ತೊಂದು ವರ್ಷ ಹಿಡಿಯಿತೆಂಬುದಕ್ಕೆ ಇಂಜಿನಿಯರಿಂಗಿನಲ್ಲಿ ಉತ್ತರವಿಲ್ಲ. ತಂತಿಯ ಆಚೆಯ ತುದಿಯಲ್ಲಿ ಹಣ ಕೊಡುವ ಗಿರಾಕಿ ಇದ್ದನು. ಸೇತುವೆಯ ಆಚೆಯ ತುದಿಯಲ್ಲಿ ಇರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ತಪ್ಪಿದುದು ಲೆಕ್ಕದ ಪುಸ್ತಕ. ನೀರಿಗೆ ಒಂದು ಪುಟವಿತ್ತು, ಯೂನಿಟ್ಟಿಗೆ ಒಂದು ಪುಟವಿತ್ತು, ರೂಪಾಯಿಗೆ ಒಂದು ಪುಟವಿತ್ತು. ದ್ವೀಪದಲ್ಲಿ ಉಳಿದವರಿಗೆ ಪುಟವನ್ನು ತೆರೆದಿರಲಿಲ್ಲ.

ಈಗ ಮತ್ತೆ ಗದಗಿನ ಬಯಲಿಗೆ ಬರೋಣ. ಅಲ್ಲಿ ನೀರೂ ವಿದ್ಯುತ್ತೂ ತಮ್ಮ ಪಾತ್ರಗಳನ್ನು ಅದಲು ಬದಲು ಮಾಡಿಕೊಂಡಿವೆ. ಶಿವನಸಮುದ್ರದಲ್ಲಿ ನೀರು ಇಳಿದು ವಿದ್ಯುತ್ತನ್ನು ಹುಟ್ಟಿಸುತ್ತದೆ. ಮುಂಡರಗಿಯ ತಾಲ್ಲೂಕಿನಲ್ಲಿ ವಿದ್ಯುತ್ತು ಖರ್ಚಾಗಿ ನೀರನ್ನು ಏರಿಸುತ್ತದೆ. ತುಂಗಭದ್ರೆಗೆ ಹಮ್ಮಿಗಿಯಲ್ಲಿ ಕಟ್ಟಿದ ಬ್ಯಾರೇಜಿನಿಂದ ಶಿಂಗಟಾಲೂರು ಏತ ನೀರಾವರಿಯ ಪಂಪುಗಳು ನೀರನ್ನು ಎತ್ತಿ ಎರೆಹೊಲಗಳ ಕಡೆಗೆ ಕಳುಹಿಸುತ್ತವೆ. ಗದಗು ಬೆಟಗೇರಿಗಳಿಗೆ ಕುಡಿಯುವ ನೀರು ತುಂಗಭದ್ರೆಯಿಂದ ಬರುವುದೂ ಪಂಪಿನ ಬಲದಿಂದಲೇ. ಮಲ್ಲಸಮುದ್ರದ ಕಡೆಯ ಗೃಹಿಣಿಗೆ ವಿದ್ಯುತ್ತು ಹೋಯಿತೆಂದರೆ ದೀಪ ಹೋಗುವುದಷ್ಟೇ ಅಲ್ಲ, ನಲ್ಲಿಯೂ ಹೋದೀತು. ಹಮ್ಮಿಗಿಯ ಹಿನ್ನೀರಿಗೂ ಹೊಳೆಯ ದಂಡೆಯ ಹಳ್ಳಿಗಳು ಸ್ಥಳ ಬಿಟ್ಟುಕೊಡಬೇಕಾಯಿತು. ಬಯಲುಸೀಮೆಯವರು ಮುಳುಗಡೆಯೆಂಬ ಮಾತಿನ ಅರ್ಥವನ್ನು ಈಗ ಕೇಳಿ ತಿಳಿಯಬೇಕಾಗಿಲ್ಲ.

ಗದಗಿನ ಬಳಿ ಜಲಪಾತವಿಲ್ಲದಿದ್ದರೂ ಗಾಳಿಯಿದೆ. ವಿದ್ಯುತ್ತಿನ ಉತ್ಪಾದನೆಗಾಗಿಯೇ ಹುಟ್ಟಿದ ನಿಗಮವು ಕಪ್ಪತಗುಡ್ಡಕ್ಕೆ ಬಂದು ಗಾಳಿಯ ಯಂತ್ರಗಳನ್ನು ನಿಲ್ಲಿಸಿತು. ನಾಲ್ಕೂವರೆ ಮೆಗಾವಾಟಿನ ಸಣ್ಣ ಆರಂಭವದು. ಆ ಮೇಲೆ ಖಾಸಗಿ ಕಂಪನಿಗಳ ಎತ್ತರದ ಗಾಳಿಯಂತ್ರಗಳು ಗುಡ್ಡದ ಸಾಲಿನಲ್ಲಿಯೂ ಬಯಲಿನಲ್ಲಿಯೂ ಎದ್ದಿವೆ. ಗಾಳಿಯ ದೋಷವೆಂದರೆ ಅದು ನಮ್ಮ ವೇಳೆಯನ್ನು ನೋಡಿ ಬೀಸುವುದಿಲ್ಲ. ನಡುರಾತ್ರಿಯಲ್ಲಿ ಬೀಸಿ, ಸಂಜೆ ಏಳು ಗಂಟೆಗೆ ಎಲ್ಲರೂ ದೀಪ ಹಾಕುವಾಗ ಸುಮ್ಮನಾದರೆ ಏನು ಮಾಡುವುದು? ಬಿಸಿಲಿನ ವಿದ್ಯುತ್ತಿಗೂ ಇದೇ ದೋಷ. ಇದಕ್ಕೆ ಇಂಜಿನಿಯರು ಹೇಳುವ ಉಪಾಯಗಳಲ್ಲಿ ಒಂದು ಮತ್ತೆ ನೀರೇ. ವಿದ್ಯುತ್ತು ಹೆಚ್ಚಾಗಿ ಒದಗುವ ಹೊತ್ತಿನಲ್ಲಿ ಕೆಳಗಿನ ಜಲಾಶಯದ ನೀರನ್ನು ಪಂಪಿನಿಂದ ಮೇಲಿನ ಜಲಾಶಯಕ್ಕೆ ಏರಿಸಿಡುವುದು. ಬೇಕಾದ ಹೊತ್ತಿನಲ್ಲಿ ಅದನ್ನೇ ಇಳಿಸಿ ಯಂತ್ರವನ್ನು ತಿರುಗಿಸುವುದು. ಏರಿಸಲು ತಗಲಿದಷ್ಟು ಶಕ್ತಿ ಇಳಿಸುವಾಗ ಮರಳಿ ಬಾರದು. ನೂರು ಕೊಟ್ಟರೆ ಎಂಬತ್ತರ ಸುಮಾರು ಬಂದೀತು. ಆದರೂ ವೇಳೆಗೆ ಬೆಲೆಯುಂಟು, ಆದುದರಿಂದ ವ್ಯಾಪಾರ ಗಿಟ್ಟುತ್ತದೆ.

ಇಂತಹ ಯೋಜನೆಗೆ ಕರ್ನಾಟಕ ವಿದ್ಯುತ್ ನಿಗಮವು ಆರಿಸಿಕೊಂಡ ಸ್ಥಳವು ಶರಾವತಿಯ ಕಣಿವೆಯೇ. ಮೇಲೆ ತಳಕಳಲೆಯ ಜಲಾಶಯ, ಕೆಳಗೆ ಗೇರುಸೊಪ್ಪೆಯದು. ಇವೆರಡರ ನಡುವೆ ನೆಲದೊಳಗೆ ಸುರಂಗ ಕೊರೆದು ೨೦೦೦ ಮೆಗಾವಾಟಿನ ವಿದ್ಯುದಾಗಾರ. ಹೊಸ ಅಣೆಕಟ್ಟು ಬೇಕಾಗಿಲ್ಲವೆಂಬುದು ಯೋಜನೆಯ ಪರವಾದ ಬಲವಾದ ವಾದ. ನಾವು ಅದನ್ನು ಹಗುರವಾಗಿ ಎಣಿಸುವುದಿಲ್ಲ. ಆದರೆ ನಡುವೆ ಇರುವ ಕಾಡು ಸಿಂಗಳೀಕಗಳ ಅಭಯಾರಣ್ಯ. ಮರದಿಂದ ಮರಕ್ಕೆ ಹಾರಿಯೇ ಬದುಕುವ ಆ ಪ್ರಾಣಿಗೆ ಕಾಡಿನಲ್ಲಿ ಒಂದು ಅಗಲವಾದ ರಸ್ತೆ ಬಿದ್ದರೂ ಅದು ಲಿಂಗನಮಕ್ಕಿಯ ಹಿನ್ನೀರಿಗೆ ಸಮಾನ. ಒಮ್ಮೆ ಎದ್ದುಬಂದ ಕುಟುಂಬಗಳ ಮೊಮ್ಮಕ್ಕಳೂ ಆ ಕಣಿವೆಯ ಆಸುಪಾಸಿನಲ್ಲಿದ್ದಾರೆ.

ಈ ಸಲ ಒಂದು ವ್ಯತ್ಯಾಸವಾಗಿದೆ. ಕಾನೂನಿನ ಪ್ರಕಾರ ಜನರ ಅಹವಾಲನ್ನು ಕೇಳುವ ಸಾರ್ವಜನಿಕ ಸಭೆಗಳು ೨೦೨೫ರ ಸೆಪ್ಟೆಂಬರಿನಲ್ಲಿ ನಡೆದುವು. ಜನರು ಬಂದರು, ಮಾತನಾಡಿದರು, ಬಹುಮಂದಿ ಬೇಡವೆಂದರು. ಹಿರೇಭಾಸ್ಕರವನ್ನು ಕಟ್ಟಿದಾಗಲಾಗಲಿ ಲಿಂಗನಮಕ್ಕಿಯನ್ನು ಕಟ್ಟಿದಾಗಲಾಗಲಿ ಇಂತಹ ಕಾನೂನು ಇರಲಿಲ್ಲ. ಸಭೆಗಳು ನಡೆದುದು ಹೊನ್ನಾವರ ಮತ್ತು ಸಾಗರ ತಾಲ್ಲೂಕುಗಳಲ್ಲಿ. ಆ ವಿದ್ಯುತ್ತಿಗಾಗಿ ಸಂಜೆ ಏಳು ಗಂಟೆಗೆ ಗುಂಡಿಯೊತ್ತುವ ಊರುಗಳಲ್ಲಿ ಅಲ್ಲ.